ಆಚಂದ್ರಾರ್ಕ ನಂಬರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆಯನ್ನು ಹೇಳಬೇಕಾದವರು ನನಗಿಂತ ಹೆಚ್ಚು ತಿಳಿದವರು. ನಾನು ಹಗಲು ಪುರಸಭೆಯಲ್ಲಿ ಗುಮಾಸ್ತಿಕೆ ಮಾಡುತ್ತ, ಸಂಜೆ ತರಗತಿಗೆ ಹೋಗಿ ಲಿನಕ್ಸ್ ಎಂಬ ಕಂಪ್ಯೂಟರ್ ವಿದ್ಯೆ ಕಲಿತವನು. ಅದರಲ್ಲೂ ಕೊನೆಯ ಪಾಠದ ದಿನ ಕರೆಂಟು ಹೋಗಿತ್ತು. ಮೇಷ್ಟ್ರು ಮೇಣದಬತ್ತಿ ಹಚ್ಚಿ, "ಉಳಿದದ್ದು ಸುಲಭ, ನೀವೇ ಓದಿಕೊಳ್ಳಿ" ಎಂದು ಸರ್ಟಿಫಿಕೇಟು ಹಂಚಿ ಕಳಿಸಿದ್ದರು. ಆ ಸುಲಭದಲ್ಲಿ ಏನೇನಿತ್ತು ಎಂಬ ಅಳುಕು ನನಗೆ ಇವತ್ತಿಗೂ ಹೋಗಿಲ್ಲ. ಇಲ್ಲಿ ಎಲ್ಲಾದರೂ ತಪ್ಪು ಕಂಡರೆ ಅದು ಬಹುಶಃ ಆ ಪಾಠಕ್ಕೆ ಸೇರಿದ್ದು.

ನಮ್ಮ ಊರಿನಲ್ಲಿ ಮನೆಗಳಿಗೆ ನಂಬರು ಕೊಡುವುದು ಪುರಸಭೆಯ ಹಿಂದಿನ ಕೋಣೆಯಲ್ಲಿರುವ ಯಂತ್ರ. ಅದರೊಳಗಿನ ಏರ್ಪಾಡಿಗೆ ಡಿಎಚ್‌ಸಿಪಿ ಎನ್ನುತ್ತಾರೆ. ಕೇಳುವುದು ಮನೆಯ ಕೆಲಸ, ಕೊಡುವುದು ಯಂತ್ರದ ಕೆಲಸ. "ಯಾರಾದರೂ ಇದ್ದೀರಾ, ನನಗೊಂದು ನಂಬರು ಬೇಕಿತ್ತು" ಎಂದು ಮನೆ ಕೂಗುತ್ತದೆ. "ಇದು ಆಗಬಹುದೇ" ಎಂದು ಯಂತ್ರ ಒಂದನ್ನು ತೋರಿಸುತ್ತದೆ. "ಆಗಬಹುದು" ಎನ್ನುತ್ತದೆ ಮನೆ. "ಹಾಗಾದರೆ ಇಷ್ಟು ಕಾಲ ಇಟ್ಟುಕೋ" ಎಂದು ಯಂತ್ರ ಬರೆದುಕೊಳ್ಳುತ್ತದೆ. ಇಷ್ಟು ಸಭ್ಯವಾದ ಮಾತುಕತೆ ಪುರಸಭೆಯ ಮುಂದಿನ ಕೋಣೆಗಳಲ್ಲಿ ನಡೆದದ್ದನ್ನು ನಾನು ಕೇಳಿಲ್ಲ.

ನಂಬರು ಇಲ್ಲದ ಮನೆಯ ಮುಂದೆ ಕಾಲು ನಿಲ್ಲುವುದಿಲ್ಲ. ಹಾಲಿನವನ ಕಾಲಾಗಲಿ, ನೆಂಟರ ಕಾಲಾಗಲಿ, ಮನೆಯ ಯಜಮಾನನ ಕಾಲಾಗಲಿ, ಎಡಗಡೆಯ ಮನೆಯಿಂದ ನೇರ ಬಲಗಡೆಯ ಮನೆಗೆ ಹೋಗಿಬಿಡುತ್ತದೆ. ಕಣ್ಣಿಗೂ ಅಷ್ಟೇ, ಆಚೀಚಿನ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ನಲ್ಲಿಯ ನೀರೂ ನಂಬರು ನೋಡಿಯೇ ಬರುವುದು. ಒಳಗಿದ್ದವರು ಹೊರಗೆ ಬರಲು ಅಡ್ಡಿಯಿಲ್ಲ; ಹೊರಗೆ ಬಂದವರು ಒಳಗೆ ಹೋಗಲು ದಾರಿಯಿಲ್ಲ. ಇದು ನಮ್ಮಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಒಂದು ದಿನ ಬೆಳಿಗ್ಗೆ ಹಿಟ್ಟಿನ ಗಿರಣಿಯ ಪಾಲಾಕ್ಷಪ್ಪನವರು ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತಾಗ, ಏನಾಗಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು.

"ನಂಬರಪ್ಪಾರೇ, ನನ್ನ ಮನೆ ಎಲ್ರೀ?" ಎಂದರು. ಊರಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಹಾಗೆಯೇ. ನನಗೆ ಒಂದು ಹೆಸರಿದೆ, ಕೇಳಿದವರಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮುಖ್ಯಾಧಿಕಾರಿಗಳ ದನಿ ಬಂತು. "ಕೊನೇ ಸಲ ಎಲ್ಲಿ ಬಿಟ್ಟಿದ್ರಿ?"

"ಇದ್ದಲ್ಲೇ ಬಿಟ್ಟಿದ್ದೆ ಸಾರ್. ಮನೇನ ಕಂಕುಳಲ್ಲಿ ಇಟ್ಕೊಂಡು ಸಂತೆಗೆ ಹೋಗ್ತಾರಾ?"

ವಿಷಯ ಇಷ್ಟು. ಅವರ ಮನೆಯ ಹಳೆಯ ಹೊಸ್ತಿಲನ್ನು ಗೆದ್ದಲು ತಿಂದಿತ್ತು. ಬಡಗಿಯನ್ನು ಕರೆಸಿ ಸಾಗುವಾನಿಯ ಹೊಸ ಹೊಸ್ತಿಲು ಕೂರಿಸಿದರು. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಬಡಗಿ ದಕ್ಷಿಣೆ ತೆಗೆದುಕೊಂಡು ಹೊರಟ. ಸಾರಿಗೆ ಕೊತ್ತಂಬರಿ ಇಲ್ಲ ಎಂದು ಹೆಂಡತಿ ಸರ್ವಮಂಗಳಮ್ಮ ಹೇಳಿದ್ದಕ್ಕೆ ಇವರೂ ಹೊರಟರು. ವಾಪಸು ಬಂದಾಗ ತಮ್ಮ ನಲವತ್ತಾರನೇ ನಂಬರಿನ ಮನೆ ಇರಲಿಲ್ಲ. ಹೆಂಡತಿ ಒಳಗೇ ಇದ್ದರು.

ಯಂತ್ರ ಮನೆಯನ್ನು ಗುರುತಿಸುವುದು ಹೊಸ್ತಿಲಿನಿಂದ. ಪ್ರತಿ ಹೊಸ್ತಿಲಿನ ಒಳಮೈಯಲ್ಲಿ ಹನ್ನೆರಡು ಅಕ್ಷರ ಅಂಕಿಗಳ ಒಂದು ಗುರುತು ಇರುತ್ತದೆ, ಒಂದರಂತೆ ಇನ್ನೊಂದಿಲ್ಲ. ಹೊಸ್ತಿಲು ಬದಲಾದರೆ ಯಂತ್ರದ ಕಣ್ಣಿಗೆ ಅದು ಹೊಸ ಮನೆ. ಹೊಸ ಮನೆ ಹೊಸ ನಂಬರು ಕೇಳುತ್ತದೆ, ಸಿಗುತ್ತದೆ, ಕಥೆ ಮುಗಿಯುತ್ತದೆ. ಇಲ್ಲಿ ಸಿಕ್ಕಿರಲಿಲ್ಲ. ಯಾಕೆ ಎಂಬುದು ಪ್ರಶ್ನೆ.

"ರೀಸ್ಟಾರ್ಟ್ ಮಾಡಿ," ಎಂದರು ಮುಖ್ಯಾಧಿಕಾರಿಗಳು. ಅವರು ಬಂದಾಗಿನಿಂದ ಯಂತ್ರದ ಎಲ್ಲ ಕಾಯಿಲೆಗೂ ಕೊಡುತ್ತಿರುವ ಔಷಧಿ ಅದೊಂದೇ, ಡೋಸೂ ಬದಲಾಗಿಲ್ಲ. ನಮ್ಮ ಆಫೀಸಿನ ಪದ್ಧತಿಯಂತೆ ತೆಂಗಿನಕಾಯಿ ಒಡೆದು ರೀಸ್ಟಾರ್ಟ್ ಮಾಡಿದೆ. ಪರದೆಯ ಮೇಲೆ 'ನಡೆಯುತ್ತಿದೆ' ಎಂದು ಹಸಿರು ಅಕ್ಷರದಲ್ಲಿ ಬಂತು. "ನೋಡಿ, ಹಸಿರು!" ಎಂದು ಮುಖ್ಯಾಧಿಕಾರಿಗಳು ಪಾಲಾಕ್ಷಪ್ಪನವರಿಗೆ ಅದನ್ನು ತೋರಿಸಿದರು. "ಹಸಿರು ನನ್ನ ಕೈಯಲ್ಲೂ ಇದೆ ಸಾರ್," ಎಂದು ಪಾಲಾಕ್ಷಪ್ಪನವರು ಕೊತ್ತಂಬರಿ ಎತ್ತಿ ತೋರಿಸಿದರು.

ಸಂಜೆ ನಾನೂ ಅವರೊಂದಿಗೆ ಅವರ ಬೀದಿಗೆ ಹೋದೆ. ನಂಬರು ಇಲ್ಲದ ಮನೆಗೆ ಮೈ ಇಲ್ಲದಿದ್ದರೂ ದನಿ ಇರುತ್ತದೆ. ಎರಡು ಗೋಡೆಗಳು ಅಂಟಿಕೊಂಡಲ್ಲಿ ನಿಂತು ಪಾಲಾಕ್ಷಪ್ಪನವರು "ಮಂಗಳಾ!" ಎಂದು ಕೂಗಿದರು.

"ಇಲ್ಲೇ ಇದೀನ್ರೀ, ನಾನೆಲ್ಲಿಗೆ ಹೋಗ್ಲಿ? ಕೊತ್ತಂಬರಿ ತಂದ್ರಾ?"

"ತಂದಿದೀನಿ ಕಣೆ."

"ಬೆಳಿಗ್ಗೆ ಹೋದೋರು ದೀಪ ಹಚ್ಚೋ ಹೊತ್ತಿಗೆ ತಂದಿದೀರಿ. ಸಾರು ಕುದ್ದು, ನಾನು ಉಂಡು, ಪಾತ್ರೆ ತೊಳ್ದಿದ್ದೂ ಆಯ್ತು. ನೀವೇನು ತಿಂದ್ರಿ?"

"ಹೋಟ್ಲಲ್ಲಿ ಇಡ್ಲಿ."

"ನಿಮ್ಗೆ ಇಡ್ಲೀಗೆ ಹಾಕೋ ಸೋಡಾಪುಡಿ ಆಗಲ್ಲ ಅಂತ ಗೊತ್ತಿಲ್ವಾ? ಇರಿ." ಎರಡು ಗೋಡೆಗಳ ನಡುವಿನ ಇಲ್ಲದ ಜಾಗದಿಂದ ಒಂದು ಪೊಟ್ಟಣ ಹಾರಿ ಬಂದು ಚರಂಡಿಯ ಪಕ್ಕ ಬಿತ್ತು. ಬಿಚ್ಚಿದರೆ ಎರಡು ರೊಟ್ಟಿ, ಚಟ್ನಿಪುಡಿ. ಅದರ ಹಿಂದೆಯೇ ಒಗೆದ ಅಂಗಿ, ಒಂದು ಟವೆಲು, ಹಲ್ಲುಜ್ಜುವ ಬ್ರಷ್ಷು ಬಂದವು. ಒಳಗಿಂದ ಹೊರಗೆ ಬರಲು ಅಡ್ಡಿಯಿಲ್ಲ ಎಂದು ಹೇಳಿದೆನಲ್ಲ. ಪಾಲಾಕ್ಷಪ್ಪನವರು ಕೊತ್ತಂಬರಿ ಕಟ್ಟನ್ನು ಅದೇ ಜಾಗಕ್ಕೆ ಎಸೆದು ನೋಡಿದರು. ಅದು ಪಕ್ಕದ ಮನೆಯವರ ಗೋಡೆಗೆ ಬಡಿದು ವಾಪಸು ಬಂತು. ಪಕ್ಕದ ಮನೆಯಾಕೆ ಕಿಟಕಿ ತೆಗೆದು, "ಸುಣ್ಣ ಬಳಿಸಿ ಇನ್ನೂ ತಿಂಗಳಾಗಿಲ್ಲ ಕಣಪ್ಪ," ಎಂದರು.

"ಮಂಗಳಾ, ನೀನೂ ಬಂದ್ಬಿಡೆ. ಗಿರಣಿಯಲ್ಲೇ ಇರೋಣ."

"ನಾನೂ ಬಂದ್ರೆ ಒಳಗೆ ಯಾರೂ ಇರಲ್ವಲ್ರೀ. ಯಾರೂ ಇಲ್ಲದ ಮನೆ ಕೇಳೋದನ್ನ ನಿಲ್ಲಿಸಿಬಿಡುತ್ತಂತೆ. ಆಮೇಲೆ ನಂಬರು ಸಿಕ್ಕೂ ಏನು ಮಾಡ್ತೀರಿ? ನಾನು ಕೂತಿರ್ತೀನಿ. ನಂಬರಪ್ಪಾರು ಇದಾರಲ್ಲ, ಓದಿದೋರು."

"ನೀರು ಎಷ್ಟಿದೆ ತಾಯಿ?" ಎಂದೆ.

"ಹಂಡೆ ತುಂಬಾ ಇದೆ. ನೀವು ನಿಧಾನ ಮಾಡದೇ ಇದ್ರೆ ಸಾಕು."

ಮಾರನೇ ದಿನದಿಂದ ನಾನು ದೋಷ ಹುಡುಕಲು ಕೂತೆ. ಮೊದಲು ತಂತಿ ನೋಡಿದೆ, ಸರಿಯಿತ್ತು. ಯಂತ್ರ ಊರಿನ ಕಡೆಯ ತಂತಿಗೇ ಕಿವಿಗೊಟ್ಟಿದೆಯೇ, ಇಲ್ಲಾ ಬೇರೆಲ್ಲೋ ಕೇಳುತ್ತ ಕೂತಿದೆಯೇ ಎಂದು ನೋಡಿದೆ, ಅದೂ ಸರಿಯಿತ್ತು. ಆಮೇಲೆ ಯಂತ್ರಕ್ಕೆ ನಿಯಮಗಳನ್ನು ಬರೆದಿಟ್ಟ ಕಡತವನ್ನು ತೆರೆದೆ. ಅಲ್ಲಿ ಒಂದು ಅರ್ಧವಿರಾಮ ಬಿಟ್ಟರೂ, ಒಂದು ಆವರಣ ಮುಚ್ಚದಿದ್ದರೂ ಯಂತ್ರ ಮುನಿಸಿಕೊಂಡು ಏಳುವುದೇ ಇಲ್ಲ. ನಾನು ಬಹಳ ಎಚ್ಚರಿಕೆಯಿಂದ ಓದುತ್ತ, ಬಹಳ ಎಚ್ಚರಿಕೆಯಿಂದಲೇ ಒಂದು ಆವರಣವನ್ನು ಅಳಿಸಿಬಿಟ್ಟೆ. ಯಂತ್ರ ನಿಂತಿತು. ಹಸಿರು ಹೋಗಿ ಕೆಂಪು ಬಂತು. ಇನ್ನೇನು ಊರೆಲ್ಲ ಕೊತ್ತಂಬರಿ ಹಿಡಿದು ಬರುತ್ತದೆ ಎಂದು ನಾನು ಬೆವರಿ, ಕುರ್ಚಿಯ ಕೆಳಗೆ ಕಾಲು ಮಡಚಿಕೊಂಡು ಕೂತೆ.

ಯಾರೂ ಬರಲಿಲ್ಲ. ಮಧ್ಯಾಹ್ನದವರೆಗೂ ಯಂತ್ರ ಸತ್ತೇ ಇತ್ತು, ಊರು ಊಟ ಮಾಡಿ ಮಲಗಿತು. ಅಳಿಸಿದ ಆವರಣವನ್ನು ಹುಡುಕಿ ಹಾಕುವಾಗ ನನಗೆ ಹೊಳೆಯಿತು. ಯಾರಿಗೂ ಯಂತ್ರದ ಅಗತ್ಯವೇ ಇಲ್ಲ. ಹಿಂದೆಲ್ಲ ನಂಬರು ಒಂದೊಂದು ದಿನದ ಗುತ್ತಿಗೆಗೆ ಸಿಗುತ್ತಿತ್ತು, ಗುತ್ತಿಗೆ ಮುಗಿಯುವ ಮೊದಲು ಮನೆ ಮತ್ತೆ ಕೇಳಿ ನವೀಕರಿಸಿಕೊಳ್ಳಬೇಕಿತ್ತು. ಈಗ ಹಾಗಿಲ್ಲ. ಪುರಸಭೆಯ ಅಧ್ಯಕ್ಷ ವೃಷಭೇಂದ್ರಯ್ಯನವರು ಅಧಿಕಾರಕ್ಕೆ ಬಂದ ವರ್ಷ, ದಿನವೂ ಕೇಳುವುದು ಭಿಕ್ಷೆ ಬೇಡಿದಂತೆ ಕಾಣುತ್ತದೆ ಎಂದು ಹೇಳಿ, ಇನ್ನು ಮುಂದೆ ಎಲ್ಲ ನಂಬರುಗಳನ್ನೂ ಆಚಂದ್ರಾರ್ಕವಾಗಿ, ಅಂದರೆ ಸೂರ್ಯಚಂದ್ರರು ಇರುವ ತನಕ, ಕೊಡತಕ್ಕದ್ದು ಎಂದು ಆದೇಶ ಮಾಡಿದರು. ನನಗಿಂತ ಮೊದಲು ಇದ್ದ ಗುಮಾಸ್ತರು ವಿಧೇಯರಾಗಿ ಹಾಗೇ ತುಂಬಿ, ನಿವೃತ್ತರಾಗಿ, ಹಾರ ಹಾಕಿಸಿಕೊಂಡು ಹೋದರು. ಆವತ್ತಿನಿಂದ ಕೊಟ್ಟ ನಂಬರು ಒಂದೂ ವಾಪಸು ಬಂದಿಲ್ಲ.

ದಾಖಲೆ ಬಿಚ್ಚಿ ನೋಡಿದೆ. ಪಾಲಾಕ್ಷಪ್ಪನವರ ನಲವತ್ತಾರು ಇನ್ನೂ ಅವರ ಹಳೆಯ ಹೊಸ್ತಿಲಿನ ಹೆಸರಿನಲ್ಲೇ ಇತ್ತು. ಆ ಹೊಸ್ತಿಲು ಬಡಗಿಯ ಮನೆಯಲ್ಲಿ ಬಚ್ಚಲ ಒಲೆಗೆ ಹೋಗಿ ಆಗಿತ್ತು. ಕೆಡವಿದ ಟಾಕೀಸಿಗೆ ಒಂದು ನಂಬರಿತ್ತು. ಸತ್ತ ಎಮ್ಮೆಯ ಕೊಟ್ಟಿಗೆಗೆ ಒಂದಿತ್ತು. ಅಧ್ಯಕ್ಷರ ಮಗಳ ಮದುವೆಗೆ ಹಾಕಿ, ಮೂರನೇ ದಿನ ಬಿಚ್ಚಿದ ಚಪ್ಪರಕ್ಕೆ ಒಂದಿತ್ತು, ಸೂರ್ಯಚಂದ್ರರು ಇರುವ ತನಕ. ಆ ಚಪ್ಪರ ಪಡೆದದ್ದೇ ಯಂತ್ರದಲ್ಲಿದ್ದ ಕೊನೆಯ ನಂಬರು. ಆಮೇಲೆ ಯಂತ್ರ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆದಿತ್ತು: ಕೊಡಲು ನಂಬರು ಉಳಿದಿಲ್ಲ.

ಅಷ್ಟೇ ಆಗಿದ್ದರೆ ಸಮಾಧಾನದಿಂದ ಇರಬಹುದಿತ್ತು. ಆ ವಾಕ್ಯದ ಮುಂದೆ, ಯಾರು ಕೇಳಿದ್ದಕ್ಕೆ ಈ ಉತ್ತರ ಎಂದು ಹೊಸ್ತಿಲಿನ ಗುರುತೂ ಇರುತ್ತದೆ. ಅಲ್ಲಿ ಇದ್ದದ್ದು ಒಂದು ಗುರುತಲ್ಲ, ಮೂರು. ಮೂರು ಮನೆಗಳು ಒಂದೇ ಸಮನೆ ಕೂಗುತ್ತಿದ್ದವು. ಅದರಲ್ಲಿ ಒಂದು ಸರ್ವಮಂಗಳಮ್ಮನವರದು. ಉಳಿದ ಎರಡರ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ. ದೂರು ಕೊಡಲು ಒಬ್ಬರಾದರೂ ಹೊರಗೆ ಇರಬೇಕಲ್ಲ ಎಂದು ನನಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಇದನ್ನೆಲ್ಲ ಅಧ್ಯಕ್ಷರ ಮುಂದೆ ಇಡಲು ಹೋದೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತುಗಳಲ್ಲಿ ಅರ್ಧವನ್ನೂ ಅವರು ಹೇಳಗೊಡಲಿಲ್ಲ.

"ಆಚಂದ್ರಾರ್ಕ ಅಂತ ನಮ್ಮ ಹಿರಿಯರು ಕಲ್ಲಿನ ಮೇಲೆ ಬರೆಸ್ತಿದ್ರು," ಎಂದರು ವೃಷಭೇಂದ್ರಯ್ಯನವರು. "ನಾನು ಕಂಪ್ಯೂಟರಲ್ಲಿ ಬರೆಸಿದೀನಿ. ಅದರಲ್ಲಿ ತಪ್ಪೇನಯ್ಯ?"

"ತಪ್ಪು ಅಂತಲ್ಲ ಸಾರ್. ಚಪ್ಪರದ ನಂಬರು ಬಿಡಿಸಿದ್ರೆ..."

"ಮಗಳ ಮದುವೆ ಚಪ್ಪರದ ನಂಬರು ಅಳಿಸ್ತಾರಾ? ಅಪಶಕುನ! ಅವಳು ಬಸುರಿ ಬೇರೆ."

"ಹಾಗಾದ್ರೆ ಟಾಕೀಸಿಂದು..."

"ಅದರ ಮಾಲೀಕರು ನನ್ನ ಬೀಗರು. ನಾಳೆ ಮತ್ತೆ ಟಾಕೀಸು ಕಟ್ಟಿದ್ರೆ? ನಂಬರು ಸಾಲದಿದ್ರೆ ಹೊಸ ನಂಬರು ಮಾಡಿ. ಅಷ್ಟಕ್ಕೂ ನಂಬರಿಗೇನು ಬರ ಬಂದಿದೆಯಾ?"

ನಮ್ಮ ಜಾಲದ ಅಳತೆಯ ಪ್ರಕಾರ ಇನ್ನೂರ ಐವತ್ತನಾಲ್ಕರ ಆಚೆಗೆ ನಂಬರೇ ಇಲ್ಲ ಎಂದು ವಿವರಿಸಿದೆ. ಅಳತೆಯನ್ನೇ ದೊಡ್ಡದು ಮಾಡಬಹುದು, ಅದಕ್ಕೆ ಪ್ರತಿ ಮನೆಯೂ ಒಂದು ಸಲ ತನ್ನ ನಂಬರು ಬಿಟ್ಟು ಮತ್ತೆ ತೆಗೆದುಕೊಳ್ಳಬೇಕು ಎಂದೂ ಹೇಳಿದೆ. ಬಿಡುವುದು ಎಂಬ ಮಾತು ಕೇಳಿದ ಕೂಡಲೇ ಸಭೆ ಸೇರಿಸಿದರು. ಇನ್ನು ಮೇಲೆ ನಂಬರುಗಳು ಮುನ್ನೂರರವರೆಗೆ ಇರತಕ್ಕದ್ದು ಎಂದು ಸರ್ವಾನುಮತದ ಠರಾವು ಆಯಿತು. ಮೇಜು ಕುಟ್ಟಿದರು, ಬೋಂಡ ತಿಂದರು. ನಾನು ಠರಾವಿನಂತೆ ಮುನ್ನೂರು ಎಂದು ತುಂಬಿದೆ. ಯಂತ್ರ ಒಪ್ಪಲಿಲ್ಲ, ಕೆಂಪಾಯಿತು. ಸಭೆಗೆ ತಿಳಿಸಿದೆ. ಯಂತ್ರವನ್ನು ಖಂಡಿಸಿ ಇನ್ನೊಂದು ಠರಾವು ಆಯಿತು. ಬೋಂಡ ಮುಗಿದಿತ್ತು, ಆದ್ದರಿಂದ ಅದು ಬೇಗ ಪಾಸಾಯಿತು.

ಆ ಹೊತ್ತಿಗೆ ಸರ್ವಮಂಗಳಮ್ಮನವರ ದನಿ ಕೊಂಚ ಒರಟಾಗಿತ್ತು. "ಮಂಗಳಾ, ನೀರು ಎಲ್ಲಿಗೆ ಬಂತು?" ಎಂದು ಪಾಲಾಕ್ಷಪ್ಪನವರು ದಿನವೂ ಕೇಳುತ್ತಿದ್ದರು. "ಇದೆ ಬಿಡ್ರೀ," ಎನ್ನುತ್ತಿದ್ದವರು ಆವತ್ತು, "ಹಂಡೆ ಬಗ್ಗಿಸಿ ತೆಗೀಬೇಕು," ಎಂದರು. ಬೀದಿಗೆ ಬಂದು ಬೀಳುವ ಪೊಟ್ಟಣದಲ್ಲಿ ರೊಟ್ಟಿಯ ಬದಲು ಹುರಿಗಡಲೆ ಇತ್ತು. ಹಿಟ್ಟು ಕಲಸಲು ನೀರು ಬೇಕಲ್ಲ. ಪಾಲಾಕ್ಷಪ್ಪನವರು ಆ ಹುರಿಗಡಲೆಯನ್ನು ತಿನ್ನಲೂ ಇಲ್ಲ, ಜೇಬಿಗೆ ಹಾಕಿಕೊಳ್ಳಲೂ ಇಲ್ಲ, ಅಂಗೈಯಲ್ಲಿ ಹಿಡಿದು ನಿಂತರು. ಹಿಟ್ಟಿನ ಧೂಳಿನಿಂದ ಯಾವಾಗಲೂ ಬೆಳ್ಳಗಿರುವ ಅವರ ಮುಖದ ಮೇಲೆ ಎರಡು ಕಪ್ಪು ಗೆರೆಗಳು ಇಳಿದಿದ್ದವು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ನಿಮಗೂ ಕಷ್ಟ," ಎಂದರು.

ನಾನು ಯಾರನ್ನೂ ಕೇಳದೆ ಒಂದು ಕೆಲಸ ಮಾಡಲು ನಿರ್ಧರಿಸಿದೆ. ಹಾಗೆ ಹೇಳಿದರೆ ಧೈರ್ಯದ ಮಾತಿನಂತೆ ಕೇಳುತ್ತದೆ. ನಿರ್ಧರಿಸಿದ ಮೇಲೆ ಎರಡು ಸಲ ಬಚ್ಚಲಿಗೆ ಹೋಗಿ ಬಂದೆ. ಸುಟ್ಟುಹೋದ ಹೊಸ್ತಿಲಿನ ಹೆಸರಿನಲ್ಲಿದ್ದ ನಲವತ್ತಾರನ್ನು ಬಿಡಿಸುವುದು, ಅಷ್ಟೇ. ಅದು ಅವರದೇ ನಂಬರು, ಅದರಲ್ಲಿ ಯಾರ ಬೀಗರೂ ಇಲ್ಲ, ಯಾರ ಶಕುನವೂ ಇಲ್ಲ. ಯಂತ್ರವನ್ನು ನಿಲ್ಲಿಸಿ, ಗುತ್ತಿಗೆಯ ಕಡತದ ಒಂದು ಪ್ರತಿ ಮಾಡಿಟ್ಟು, ಆ ಒಂದು ಗುತ್ತಿಗೆಯನ್ನು ಅಳಿಸಿ, ಆವರಣಗಳನ್ನು ಬೆರಳಿಟ್ಟು ಎಣಿಸಿ, ಯಂತ್ರವನ್ನು ಎಬ್ಬಿಸಿದೆ. ಹಸಿರು. ಕಣ್ಣು ಮಿಟುಕಿಸುವಷ್ಟರಲ್ಲಿ ನಲವತ್ತಾರು ಹೋಯಿತು. ಕೇಳಿತು, ಕೊಟ್ಟಿತು, ಆಗಬಹುದು ಎಂದಿತು, ಬರೆದುಕೊಂಡಿತು. ನಾನು ಓಡಿದೆ.

ಬೀದಿಯಲ್ಲಿ ಎರಡು ಗೋಡೆಗಳು ಅಂಟಿಕೊಂಡೇ ಇದ್ದವು. ಪಾಲಾಕ್ಷಪ್ಪನವರು ಅಲ್ಲೇ ನಿಂತಿದ್ದರು. ಆಗ ನನಗೆ ಅರ್ಥವಾಯಿತು. ಖಾಲಿ ನಂಬರು ಮೊದಲು ಕೇಳಿದವರಿಗೆ ಸಿಗುತ್ತದೆ. ಮೂವರು ಕೂಗುತ್ತಿದ್ದರು. ಆ ಕ್ಷಣದಲ್ಲಿ ಮೊದಲು ಕೂಗಿದ್ದು ಬೇರೆ ಯಾವುದೋ ಮನೆ. ಇದು ಕೊನೆಯ ಪಾಠದಲ್ಲಿ ಇದ್ದಿರಬೇಕು.

ನಡೆದದ್ದನ್ನು ಗೋಡೆಗೆ ಮುಖ ಮಾಡಿ ಹೇಳಿದೆ. ತಪ್ಪಾಯಿತು ತಾಯಿ ಎಂದೆ. ಒಳಗಿನಿಂದ ಒಂದು ನಿಟ್ಟುಸಿರು ಕೇಳಿಸಿತು.

"ಹೋಗ್ಲಿ ಬಿಡಿ. ಅವ್ರ ಮನೇಲೂ ಹಂಡೆ ಬಗ್ಗಿಸಿರ್ತಾರೆ. ನನಗಾದ್ರೆ ಹೊರಗೆ ಇವ್ರಿದಾರೆ." ಆಮೇಲೆ, ಕೊಂಚ ದನಿ ಏರಿಸಿ, "ಆದ್ರೆ ನಂಬರಪ್ಪಾರೇ, ಧಾರಾಳ ಮಾಡಿದ್ದು ಒಂದು ಸಲ ಸಾಕು. ಮುಂದಿಂದು ನನಗೇ ಬರೋ ಹಂಗೆ ಮಾಡಿ."

ನನಗೇ ಬರುವ ಹಾಗೆ ಮಾಡಿ. ಅದಕ್ಕೆ ದಾರಿಯಿತ್ತು, ಮತ್ತು ಆ ದಾರಿ ನಮ್ಮ ಕಡತದಲ್ಲೇ ಇತ್ತು. ಯಂತ್ರದಲ್ಲಿ ಕೆಲವು ನಂಬರುಗಳನ್ನು ಇಂಥದೇ ಹೊಸ್ತಿಲಿಗೆ ಎಂದು ಮೀಸಲಿಡಬಹುದು. ಆ ಹೊಸ್ತಿಲು ಕೇಳಿದಾಗ ಅದಕ್ಕೇ ಹೋಗುತ್ತದೆ, ಎಷ್ಟು ಜನ ಕೂಗುತ್ತಿದ್ದರೂ ಬೇರೆಯವರಿಗೆ ಸಿಗುವುದಿಲ್ಲ. ನಮ್ಮಲ್ಲಿ ಈ ಸೌಲಭ್ಯವನ್ನು ಬಳಸಿದ್ದು ಒಂದೇ ಒಂದು ಕಡೆ. ಒಂಬತ್ತನೇ ನಂಬರನ್ನು ಅಧ್ಯಕ್ಷರು ತಮ್ಮ ಮೊಮ್ಮಗನ ಮನೆಗೆ ಮೀಸಲಿಟ್ಟಿದ್ದರು. ಮೊಮ್ಮಗ ಇನ್ನೂ ಹುಟ್ಟಿರಲಿಲ್ಲ. ಮನೆ ಕಟ್ಟಿರಲಿಲ್ಲ. ಹೊಸ್ತಿಲಿನ ಮರ ಇನ್ನೂ ಕಾಡಿನಲ್ಲಿ ಎಲೆ ಬಿಡುತ್ತಿತ್ತು. ಹಾಗಾಗಿ ಗುರುತಿನ ಜಾಗದಲ್ಲಿ ಹನ್ನೆರಡು ಸೊನ್ನೆಗಳಿದ್ದವು.

ಆ ಸೊನ್ನೆಗಳನ್ನು ನಾನು ಬಹಳ ಹೊತ್ತು ನೋಡಿದೆ. ಮೀಸಲಿನ ಸಾಲನ್ನು ಅಳಿಸುವುದು ಬೇಡ. 'ಮೊಮ್ಮಗ' ಎಂಬ ಹೆಸರನ್ನೂ ಮುಟ್ಟುವುದು ಬೇಡ. ಸೊನ್ನೆಗಳ ಜಾಗದಲ್ಲಿ ಸರ್ವಮಂಗಳಮ್ಮನವರ ಹೊಸ್ತಿಲಿನ ಗುರುತನ್ನು ತುಂಬಿದರೆ ಸಾಕು. ಆದರೆ ಇನ್ನೂ ಎರಡು ಗುರುತುಗಳು ಕೂಗುತ್ತಿದ್ದವು, ಯಾವುದು ಅವರದು? ಮತ್ತೆ ಊಹಿಸಿ ಕೈಸುಟ್ಟುಕೊಳ್ಳುವ ಶಕ್ತಿ ನನಗಿರಲಿಲ್ಲ. ಮತ್ತೆ ಬೀದಿಗೆ ಹೋದೆ.

"ತಾಯಿ, ಹೊಸ್ತಿಲಿನ ಒಳಗಡೆ ಬಗ್ಗಿ ನೋಡಿ. ಹನ್ನೆರಡು ಅಕ್ಷರ ಇರುತ್ತೆ. ಒಂದೊಂದೇ ಓದಿ."

"ಕನ್ನಡಕ ಇವ್ರ ಜೇಬಲ್ಲಿದೆ ಕಣ್ರೀ."

ಪಾಲಾಕ್ಷಪ್ಪನವರು ಜೇಬು ಮುಟ್ಟಿ ನೋಡಿಕೊಂಡರು. ನಿಜ, ಅಲ್ಲೇ ಇತ್ತು. "ಓದೋಕೆ ಕೊಟ್ಟಿದ್ದೆ ನೀನು, ಕೊತ್ತಂಬರಿ ಚೀಟೀನ," ಎಂದರು.

"ಕೊತ್ತಂಬರಿ ಅನ್ನೋ ಒಂದು ಮಾತಿಗೆ ಚೀಟಿ, ಆ ಚೀಟಿಗೆ ಕನ್ನಡಕ! ಇಂಥೋರನ್ನ ಕಟ್ಕೊಂಡು..." ಒಳಗೆ ಏನೋ ಸರಿದಾಡಿದ ಸದ್ದು. "ಇರಿ, ಬೆರಳಲ್ಲಿ ಮುಟ್ಟಿ ನೋಡ್ತೀನಿ. ಕೊರೆದಿದಾರೆ, ಗೊತ್ತಾಗುತ್ತೆ."

ಅವರು ಮುಟ್ಟಿ ಮುಟ್ಟಿ ಒಂದೊಂದನ್ನೇ ಹೇಳಿದರು, ನಾನು ಬರೆದುಕೊಂಡೆ. ಸುತ್ತ ಜನ ಸೇರಿದರು. ಸುಣ್ಣದ ಗೋಡೆಯಾಕೆಯೂ ಕಿಟಕಿಯಲ್ಲಿ ನಿಂತಿದ್ದರು. ಕೊನೆಯ ಅಂಕಿ ಹೇಳಿ, "ಆಯ್ತಪ್ಪ. ಇದಕ್ಕೆ ಸಂಕ್ರಾಂತಿಗೆ ಇನ್ನೊಂದು ಸಲ ಪೂಜೆ ಮಾಡ್ಬೇಕು," ಎಂದರು ಸರ್ವಮಂಗಳಮ್ಮ. ದನಿಯಲ್ಲಿ ನಗು ಇತ್ತು, ಆದರೆ ನಾಲಿಗೆ ಒಣಗಿದ್ದು ಕೇಳಿಸುತ್ತಿತ್ತು.

ಆಫೀಸಿಗೆ ಬಂದು ತುಂಬಿದೆ. ರೀಸ್ಟಾರ್ಟ್ ಮಾಡುವ ಮೊದಲು ಕಡತವನ್ನು ಪರೀಕ್ಷಿಸುವ ಆಜ್ಞೆಯೊಂದಿದೆ, ಅದನ್ನು ಎರಡು ಸಲ ಕೊಟ್ಟೆ. ತೆಂಗಿನಕಾಯಿ ಮಾತ್ರ ಒಡೆಯಲಿಲ್ಲ, ಸದ್ದಾದರೆ ಮುಖ್ಯಾಧಿಕಾರಿಗಳು ಏಳುತ್ತಿದ್ದರು. ಯಂತ್ರ ಎದ್ದಿತು. ಮನೆ ಕೇಳಿತು. ಒಂಬತ್ತು ಆಗಬಹುದೇ ಎಂದಿತು ಯಂತ್ರ. ಮನೆ ಒಂದು ಕ್ಷಣವೂ ಯೋಚಿಸಲಿಲ್ಲ.

ನಾನು ಬೀದಿ ತಲುಪುವ ಹೊತ್ತಿಗೆ ಗೋಡೆಗಳು ಸರಿದು, ನಡುವೆ ಹಸಿರು ಬಾಗಿಲಿನ ಮನೆಯೊಂದು, ಮೊದಲಿಂದಲೂ ಅಲ್ಲೇ ಇದ್ದ ಮುಖ ಮಾಡಿಕೊಂಡು ನಿಂತಿತ್ತು. ಒಳಗೆ ನಲ್ಲಿ ಬುಸುಗುಟ್ಟಿ, ಕೆಮ್ಮಿ, ಸುರಿಯಲು ಶುರುಮಾಡಿತು. ಸರ್ವಮಂಗಳಮ್ಮ ಬಾಗಿಲಿಗೆ ಬಂದರು. ಎತ್ತರದ ಹೆಂಗಸು, ಇಷ್ಟು ದಿನ ದನಿ ಕೇಳಿ ನಾನು ಅವರನ್ನು ಗಿಡ್ಡ ಎಂದುಕೊಂಡಿದ್ದೆ. ಪಾಲಾಕ್ಷಪ್ಪನವರು ಹೊಸ್ತಿಲ ಹೊರಗೇ ನಿಂತಿದ್ದರು, ಕಾಲಿಡಲು ಹೆದರಿಕೆ. ಕೈಯಲ್ಲಿ ಆ ಕೊತ್ತಂಬರಿ ಇನ್ನೂ ಇತ್ತು. ಒಣಗಿ ಹುಲ್ಲಾಗಿತ್ತು.

"ಇದನ್ನ ಯಾಕ್ರೀ ಇಟ್ಕೊಂಡಿದೀರಿ?"

"ನೀನೇ ಹೇಳಿದ್ಯಲ್ಲ, ತಗೊಂಡ್ಬನ್ನಿ ಅಂತ."

ಅವರು ಅದನ್ನು ಇಸಿದುಕೊಂಡು ಗಂಡನ ತಲೆಗೆ ಮೆಲ್ಲಗೆ ಬಡಿದರು. ಆಮೇಲೆ ತೋಳು ಹಿಡಿದು ಒಳಗೆ ಎಳೆದುಕೊಂಡರು. ಬೀದಿಯ ಜನ ನೋಡುವುದನ್ನು ನಿಲ್ಲಿಸುವ ಲಕ್ಷಣ ಕಾಣದ್ದರಿಂದ ಬಾಗಿಲನ್ನೂ ಹಾಕಿದರು.

ಒಂಬತ್ತು ಅಧ್ಯಕ್ಷರ ನಂಬರು ಎಂದು ಊರಿಗೆಲ್ಲ ಗೊತ್ತು. ಅಧ್ಯಕ್ಷರ ಮಗಳಿಗೆ ಗಂಡುಮಗು ಆದಾಗ ಒಂಬತ್ತನೇ ನಂಬರಿಗೆ ಪೇಡೆಯ ಡಬ್ಬಿಗಳು, ಹಾರಗಳು, ಬೆಳ್ಳಿಯ ಗಿಲಕಿ, ವರ್ಗಾವಣೆಯ ಅರ್ಜಿಗಳು ಬರಲು ಶುರುವಾದವು. ಸರ್ವಮಂಗಳಮ್ಮ ಗಿಲಕಿಯನ್ನು ಅಧ್ಯಕ್ಷರ ಮನೆಗೆ ಕಳಿಸಿಕೊಟ್ಟರು, ಪೇಡೆ ಹಂಚಿದರು, ಅರ್ಜಿಗಳ ಮೇಲೆ ಹಪ್ಪಳ ಒಣಗಿಸಿದರು. "ನನ್ನ ಒಂಬತ್ತು ಭದ್ರವಾಗಿದೆಯೇನಯ್ಯ?" ಎಂದು ಅಧ್ಯಕ್ಷರು ಒಮ್ಮೆ ಕೇಳಿದರು. ಕಡತ ತೆರೆದು ತೋರಿಸಿದೆ. 'ಮೊಮ್ಮಗ' ಎಂಬ ಸಾಲು ಇತ್ತು. "ಸೊನ್ನೆ ಹೋಗಿ ಏನೇನೋ ಅಕ್ಷರ ಬಂದಿದೆಯಲ್ಲ?" ಎಂದರು. "ಮೊಮ್ಮಗ ಹುಟ್ಟಿದನಲ್ಲ ಸಾರ್," ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಯಂತ್ರಕ್ಕೆ ಒಂದು ಹಾರ ಹಾಕಿಸಿದರು.

ಪಾಲಾಕ್ಷಪ್ಪನವರ ಟಪಾಲು, ಗ್ಯಾಸು ಎಲ್ಲವೂ ಹಳೆಯ ಅಭ್ಯಾಸದಂತೆ ನಲವತ್ತಾರಕ್ಕೇ ಹೋಗುತ್ತಿದ್ದವು. ಅದನ್ನು ತರುವ ನೆಪದಲ್ಲಿ ಸರ್ವಮಂಗಳಮ್ಮ ಒಂದು ಡಬ್ಬಿ ಹುಗ್ಗಿ ತುಂಬಿ, "ನನ್ನ ನಂಬರು ತಗೊಂಡೋರು ಯಾರು ಅಂತ ನೋಡ್ಕೊಂಡು ಬನ್ನಿ," ಎಂದು ನನ್ನನ್ನು ಕಳಿಸಿದರು. ಅದು ಕೆಳಗಿನ ಬೀದಿಯಲ್ಲಿತ್ತು. ಅಕ್ಕಪಕ್ಕದವರನ್ನು ವಿಚಾರಿಸಿದರೆ, "ಆ ಮನೇನಾ? ಮೊದಲಿಂದ್ಲೂ ಇತ್ತಲ್ಲ," ಎಂದರು, ನನ್ನ ಕಣ್ಣು ತಪ್ಪಿಸಿ. ಬಾಗಿಲು ತೆರೆದದ್ದು ಒಬ್ಬ ನಡುವಯಸ್ಸಿನ ಹೆಂಗಸು. ಜರಿ ಅಂಚಿನ ಸೀರೆ ಉಟ್ಟಿದ್ದರು, ಮಡಿಕೆಗಳಲ್ಲಿ ಬಣ್ಣ ಹೋಗಿತ್ತು. ಹಿಂದೆ ಗಂಡ, ಒಬ್ಬ ಮುದುಕಿ, ಎಲ್ಲರೂ ಹಾಗೆಯೇ ಹೊರಡಲು ಸಿದ್ಧರಾದವರಂತೆ ನಿಂತಿದ್ದರು.

"ಬಂದ್ರಾ," ಎಂದರು ಆಕೆ. "ಅಧ್ಯಕ್ಷರ ಮಗಳ ಮದುವೆ ಅಂತ ಹೊಸ ಬಾಗ್ಲು, ಹೊಸ ಹೊಸ್ತಿಲು ಹಾಕ್ಸಿದ್ವಿ. ಊಟಕ್ಕೆ ಕರಿಯೋಕೆ ಯಾರಾದ್ರೂ ಬರ್ತಾರೆ ಅಂತ ಕಾದ್ವಿ. ಯಾರೂ ಬರ್ಲಿಲ್ಲ. ಚಪ್ಪರ ಬಿಚ್ಚಿಬಿಟ್ರಾ?"

ಬಿಚ್ಚಿದರು ಎಂದೆ. ಇಷ್ಟು ದಿನ ನೀರಿಗೆ ಏನು ಮಾಡಿದಿರಿ ಎಂದು ಕೇಳಿದೆ.

"ಹಿತ್ತಲಲ್ಲಿ ಬಾವಿ ಇದೆಯಲ್ಲ. ಸೊಪ್ಪು, ತೆಂಗು, ನುಗ್ಗೆ ಇದೆ. ನೀರಿದ್ರೆ ಹೇಗೋ ಆಗುತ್ತೆ," ಎಂದು ಹುಗ್ಗಿ ಡಬ್ಬಿ ಇಸಿದುಕೊಂಡರು. ಮುಚ್ಚಳ ತೆಗೆದು ಮೂಸಿ, "ಮದುವೆಯದಾ?" ಎಂದರು. ನಾನು 'ಹೌದು' ಎಂದುಬಿಟ್ಟೆ.

ಅಲ್ಲಿಂದ ನೇರ ಆಫೀಸಿಗೆ ಹೋದೆ. ಮೂರನೆಯದು ಒಂದಿತ್ತಲ್ಲ. ಅಧ್ಯಕ್ಷರ ಅಪಶಕುನಕ್ಕೆ ಹೆದರಿ, ನಾಳೆ ನಾಡಿದ್ದು ಎಂದು ಮುಂದೂಡುತ್ತ ಬಂದಿದ್ದ ಕೆಲಸವನ್ನು ಆವತ್ತು ಮಾಡಿದೆ. ಯಂತ್ರ ನಿಲ್ಲಿಸಿ ಚಪ್ಪರದ ನಂಬರನ್ನು ಬಿಡಿಸಿದೆ. ಎಬ್ಬಿಸಿದೆ. ಹಸಿರು. ಪರದೆಯ ಮುಂದೆ ಕೂತು ಕಾದೆ. ಯಾರೂ ಕೇಳಲಿಲ್ಲ. ದಾಖಲೆಯನ್ನು ಹಿಂದಕ್ಕೆ ಓದುತ್ತ ಹೋದೆ. ಆ ಮೂರನೆಯ ಗುರುತು ನಾನು ಮುಂದೂಡುತ್ತಿದ್ದ ದಿನಗಳಲ್ಲಿ ಯಾವಾಗಲೋ ಕೂಗುವುದನ್ನು ನಿಲ್ಲಿಸಿತ್ತು. ಒಳಗಿದ್ದವರೆಲ್ಲ ಬೇಸತ್ತು ಹೊರಗೆ ಬಂದು, ಊರು ಬಿಟ್ಟು ಹೋಗಿರಬಹುದು. ಹಾಗೇ ಇರಬೇಕು ಎಂದು ಮುಖ್ಯಾಧಿಕಾರಿಗಳು ಹೇಳುತ್ತಾರೆ, ಪರದೆ ಹಸಿರಾಗಿಯೇ ಇದೆ ಎಂದೂ ಹೇಳುತ್ತಾರೆ. ಚಪ್ಪರದ ನಂಬರು ಈಗಲೂ ಖಾಲಿ ಇದೆ, ಅದನ್ನು ನಾನು ಬೇರೆ ಯಾರಿಗೂ ಹೋಗದಂತೆ ಆ ಗುರುತಿಗೇ ಮೀಸಲಿಟ್ಟಿದ್ದೇನೆ. ಸಂಜೆ ಮನೆಗೆ ಹೋಗುವಾಗ ಗೋಡೆಗೆ ಗೋಡೆ ಅಂಟಿಕೊಂಡಂತೆ ಕಾಣುವ ಜಾಗಗಳಲ್ಲೆಲ್ಲ ನಿಂತು, "ಯಾರಾದರೂ ಇದ್ದೀರಾ" ಎಂದು ಕೇಳುತ್ತೇನೆ. ಅದು ಯಾವ ಬೀದಿಯ ಮನೆ, ಒಳಗೆ ಯಾರಿದ್ದರು, ನನಗೆ ಗೊತ್ತಿಲ್ಲ. ಅವರ ಹಿತ್ತಲಲ್ಲಿ ಬಾವಿ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.